ಕ್ಯಾಸಿಯೋ ಎಫ್‌ಎಕ್ಸ್-5800ಪಿ: ಲೆವೆಲ್ ಪುಸ್ತಕದ ಅಂಕಿಗಳನ್ನು ಇದಕ್ಕೆ ಒಪ್ಪಿಸಬಹುದೇ?

ಪ್ರೋಗ್ರಾಂ ಬರೆಯಬಹುದಾದ ಕ್ಯಾಲ್ಕುಲೇಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಅದರಲ್ಲಿ ಎಷ್ಟು ಫಂಕ್ಷನ್‌ಗಳಿವೆ, ಅದು ಎಷ್ಟು ಬೇಗ ಉತ್ತರ ಕೊಡುತ್ತದೆ ಎಂದು ವಿಚಾರಿಸುತ್ತಾರೆ. ಶಿರಸಿ, ಕುಮಟಾ, ಕಾರವಾರಗಳ ಸುತ್ತಮುತ್ತ ಲೆವೆಲ್ ತೆಗೆಯುವ (ನೆಲದ ಎತ್ತರ-ತಗ್ಗು ಅಳೆಯುವ), ಟ್ರಾವರ್ಸ್ ನಡೆಸುವ (ಬಿಂದುವಿನಿಂದ ಬಿಂದುವಿಗೆ ದೂರವನ್ನೂ ಕೋನವನ್ನೂ ಅಳೆಯುತ್ತ ಸಾಗುವ), ತೋಟದ ಗಡಿ ಅಳೆಯುವ ನಮ್ಮಂಥ ಭೂಮಾಪಕರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಬೆಳಗಿನಿಂದ ಸಂಜೆಯವರೆಗೆ ಕೊಟ್ಟ ಅಂಕಿಗಳನ್ನು ಈ ಯಂತ್ರ ಎಲ್ಲಿ ಇಟ್ಟುಕೊಳ್ಳುತ್ತದೆ, ಹೇಗೆ ಇಟ್ಟುಕೊಳ್ಳುತ್ತದೆ, ಬೇಕೆಂದಾಗ ಕೊಟ್ಟ ಹಾಗೆಯೇ ಹಿಂದಿರುಗಿಸುತ್ತದೆಯೇ? ಕ್ಯಾಸಿಯೋ ಕಂಪನಿ 2006ರಲ್ಲಿ ಹೊರತಂದ ಎಫ್‌ಎಕ್ಸ್-5800ಪಿ ಮಾದರಿಯನ್ನು ನಾನು ಬಹುಕಾಲದಿಂದ ಕೆಲಸದಲ್ಲಿ ಬಳಸುತ್ತಿದ್ದೇನೆ. ಈ ವಿಮರ್ಶೆಯಲ್ಲಿ ಅದರ ಉಳಿದ ಗುಣಗಳನ್ನು ಬೇಗನೆ ದಾಟಿ, ದತ್ತಾಂಶವನ್ನು ಅದು ನಿಭಾಯಿಸುವ ರೀತಿಯ ಬಗ್ಗೆಯೇ ವಿವರವಾಗಿ ಬರೆಯುತ್ತೇನೆ. ಏಕೆಂದರೆ ಈ ಯಂತ್ರದ ಯೋಗ್ಯತೆಯೂ ಅದರ ಮಿತಿಯೂ ಅಲ್ಲಿಯೇ ಇವೆ.

ಮೊಬೈಲ್ ಫೋನ್ ಕಿಸೆಯಲ್ಲಿರುವಾಗ, ದೊಡ್ಡ ಕೆಲಸಗಳಿಗೆ ಟೋಟಲ್ ಸ್ಟೇಷನ್ ಎಂಬ ಎಲೆಕ್ಟ್ರಾನಿಕ್ ಅಳತೆ ಯಂತ್ರ ತಾನೇ ಅಂಕಿಗಳನ್ನು ಬರೆದುಕೊಳ್ಳುವಾಗ ಇದು ಯಾಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೆದ್ದಾರಿಯಂಥ ಕಾಮಗಾರಿಯಲ್ಲಿ ಇದರ ಅಗತ್ಯ ಬೀಳುವುದಿಲ್ಲ. ಆದರೆ ಅಘನಾಶಿನಿಯ ಅಳಿವೆಯ ಗಜನಿ (ಉಪ್ಪುನೀರಿನ) ಗದ್ದೆಗಳಲ್ಲಿ ಸಮುದ್ರದ ನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡಿನ ಎತ್ತರ ನೋಡುವುದು, ಶಿರಸಿ ಸೀಮೆಯ ಅಡಿಕೆ ತೋಟಕ್ಕೆ ಮೇಲಿನ ಹಳ್ಳದಿಂದ ನೀರು ಇಳಿಸಲು ಕಾಲುವೆಯ ಇಳಿಜಾರು ಹಿಡಿಯುವುದು, ಘಟ್ಟದ ರಸ್ತೆಯ ಮಗ್ಗುಲಿನ ಚರಂಡಿಗೆ ಲೆವೆಲ್ ಕೊಡುವುದು ಇವೆಲ್ಲ ಇಂದಿಗೂ ಸಮತಲ ನೋಟ ಕೊಡುವ ಸಾದಾ ಆಟೋ ಲೆವೆಲ್ ದುರ್ಬೀನು ಮತ್ತು ಅಳತೆಯ ಗುರುತುಗಳಿರುವ ಸ್ಟಾಫ್ ಕೋಲಿನಿಂದಲೇ ನಡೆಯುತ್ತವೆ. ಅಲ್ಲಿ ಕೈ ಒದ್ದೆಯಾಗಿರುತ್ತದೆ, ಬೆರಳಿಗೆ ಮಣ್ಣು ಮೆತ್ತಿರುತ್ತದೆ, ಬಿಸಿಲಿಗೆ ಫೋನಿನ ಪರದೆ ಕಾಣುವುದಿಲ್ಲ. ಒತ್ತಿದ್ದು ಬೆರಳಿಗೆ ಗೊತ್ತಾಗುವ ಗುಂಡಿಗಳು, ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗುವ ನಾಲ್ಕು ಸಾಲಿನ ಪರದೆ, ಯಾವ ಊರಿನ ಅಂಗಡಿಯಲ್ಲಾದರೂ ಸಿಗುವ ಒಂದೇ ಒಂದು ಸಣ್ಣ ಟ್ರಿಪಲ್-ಎ ಸೆಲ್, ಈ ಮೂರರ ಬೆಲೆ ಆಗ ತಿಳಿಯುತ್ತದೆ.

ಇದರ ಮೆಮೊರಿ 28,500 ಬೈಟ್. ಇಂದಿನ ಫೋನಿನ ಒಂದು ಫೋಟೊಕ್ಕೂ ಅದು ಸಾಲದು ಎಂದು ಅನ್ನಿಸಬಹುದು, ಆದರೆ ಲೆಕ್ಕ ಹಾಕಿ ನೋಡಿದರೆ ನಮ್ಮ ಕೆಲಸಕ್ಕೆ ಅದು ಧಾರಾಳವಾದ ಜಾಗ. ಎ-ಯಿಂದ ಝಡ್‌ವರೆಗಿನ 26 ಅಕ್ಷರಗಳು ಯಾವಾಗಲೂ ಲಭ್ಯವಿರುವ ವೇರಿಯಬಲ್‌ಗಳು. ಅವು ಸಾಲದಾದಾಗ ‘ಡಿಮ್‌ಝಡ್’ ಎಂಬ ಆಜ್ಞೆಯಿಂದ ಝಡ್[1], ಝಡ್[2] ಹೀಗೆ ಸಂಖ್ಯೆ ಹಚ್ಚಿದ ಖಾನೆಗಳ ಸಾಲನ್ನು, ಅಂದರೆ ಅರೇಯನ್ನು, ಬೇಕಾದಷ್ಟು ಉದ್ದಕ್ಕೆ ತೆರೆಯಬಹುದು. ಸಾಲು ತೆರೆಯಲು 26 ಬೈಟ್, ಆಮೇಲೆ ಪ್ರತಿ ಖಾನೆಗೆ 12 ಬೈಟ್ ಖರ್ಚಾಗುತ್ತದೆ. ನೂರು ಬಿಂದುಗಳ ಲೆವೆಲ್ ಕೆಲಸದಲ್ಲಿ ಪ್ರತಿ ಬಿಂದುವಿಗೆ ನಾಲ್ಕು ಅಂಕಿ ಇಡಬೇಕೆಂದರೆ 400 ಖಾನೆ ಬೇಕು. ಅದಕ್ಕೆ ತಗಲುವುದು 4,826 ಬೈಟ್. ಪ್ರೋಗ್ರಾಂಗಳಿಗೆ ಇನ್ನೂ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಬೈಟ್ ಉಳಿಯುತ್ತದೆ. ಘಟ್ಟದ ಮೇಲೆ ಲೆವೆಲ್ ಹಿಡಿದು ನಡೆಯುವವನಿಗೆ ಒಂದು ದಿನಕ್ಕೆ ಇಷ್ಟು ಸಾಕು.

ಈ ಧಾರಾಳತನ ಎಂಥದು ಎಂದು ತಿಳಿಯಲು ಹಿಂದಿನ ಯಂತ್ರಗಳನ್ನು ನೆನೆಯಬೇಕು. 1977ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಟಿಐ-59 ಚಾಲೂ ಮಾಡಿದಾಗ 480 ಪ್ರೋಗ್ರಾಂ ಹೆಜ್ಜೆಗಳನ್ನೂ 60 ಮೆಮೊರಿಗಳನ್ನೂ ಕೊಡುತ್ತಿತ್ತು, ಇನ್ನೂ ಹತ್ತು ಮೆಮೊರಿ ಬೇಕೆಂದರೆ ಎಂಬತ್ತು ಹೆಜ್ಜೆ ಬಿಟ್ಟುಕೊಡಬೇಕಿತ್ತು. 1981ರಿಂದ ಬ್ಯಾಂಕಿನವರ ಮೇಜಿನ ಮೇಲೆ ಕಾಣಿಸಿಕೊಂಡ ಎಚ್‌ಪಿ-12ಸಿಯಲ್ಲಿ 20 ರಿಜಿಸ್ಟರುಗಳು, ಅಂದರೆ ಅಂಕಿ ಇಡುವ ಖಾನೆಗಳು, ಇವೆ. ಮೊದಲಿಗೆ ಎಂಟು ಸಾಲಿನ ಪ್ರೋಗ್ರಾಮಿಗಷ್ಟೇ ಜಾಗ, ಒಂಬತ್ತನೆಯ ಸಾಲು ಬರೆದ ಕೂಡಲೇ ಒಂದು ರಿಜಿಸ್ಟರ್ ಕರಗಿ ಏಳು ಸಾಲುಗಳಾಗುತ್ತದೆ, ಹೀಗೆ ಹದಿಮೂರು ರಿಜಿಸ್ಟರುಗಳನ್ನು ಕಳೆದುಕೊಂಡಾಗ 99 ಸಾಲು ತುಂಬಿ, ಅಂಕಿ ಇಡಲು ಏಳೇ ರಿಜಿಸ್ಟರುಗಳು ಉಳಿಯುತ್ತವೆ. ಮಳೆ ಹಿಡಿಯುವ ಮೊದಲು ಒಂದೇ ಅಂಗಳದಲ್ಲಿ ಅಡಿಕೆಯನ್ನೂ ಭತ್ತವನ್ನೂ ಒಣಹಾಕಿದಂತೆ, ಒಂದು ಹರಡಿದಷ್ಟು ಇನ್ನೊಂದಕ್ಕೆ ಜಾಗ ಕಡಿಮೆ. ಕ್ಯಾಸಿಯೋ ಕಂಪನಿಯದೇ 1985ರ ಎಫ್‌ಎಕ್ಸ್-7000ಜಿಯಲ್ಲಿ 422 ಹೆಜ್ಜೆಗಳಿದ್ದವು, ಎಂಟೆಂಟು ಹೆಜ್ಜೆಗಳನ್ನು ಬಿಟ್ಟುಕೊಡುತ್ತ 26 ಮೆಮೊರಿಗಳನ್ನು ಹೆಚ್ಚೆಂದರೆ 78ರವರೆಗೆ ಬೆಳೆಸಬಹುದಿತ್ತು. ಆ ಕಾಲದ ಕ್ಯಾಸಿಯೋಗಳಲ್ಲಿ ಇನ್ನೊಂದು ತೊಡಕೂ ಇತ್ತು: ಎ[1] ಎಂದು ಬರೆದರೆ ಅದು ಬೇರೆ ಖಾನೆಯಲ್ಲ, ಬಿ ಅಕ್ಷರವೇ, ಎ[2] ಎಂದರೆ ಸಿ. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸುವ ಲೂಪಿನೊಳಗೆ ಸಂಖ್ಯೆ ಏರುತ್ತ ಹೋದಂತೆ ಬೇರೆ ಕೆಲಸಕ್ಕೆ ಇಟ್ಟುಕೊಂಡ ಅಕ್ಷರಗಳ ಮೇಲೆಯೇ ಹೊಸ ಅಂಕಿ ಕೂರುತ್ತಿತ್ತು. 5800ಪಿಯಲ್ಲಿ ಅರೇ ಬೇರೆ, ಅಕ್ಷರಗಳು ಬೇರೆ. ಈ ಬೇರ್ಪಡಿಕೆಯೊಂದಕ್ಕಾಗಿಯೇ ನಾನು ಇದನ್ನು ಹಳೆಯ ಮಾದರಿಗಳಿಗಿಂತ ಮೇಲಿನ ಸ್ಥಾನದಲ್ಲಿ ಇಡುತ್ತೇನೆ.

ಅರೇ ಇರುವುದು ಒಂದೇ ಉದ್ದನೆಯ ಸಾಲಾಗಿ, ನಮಗೆ ಬೇಕಾಗಿರುವುದು ಲೆವೆಲ್ ಪುಸ್ತಕದಂಥ ಕೋಷ್ಟಕ. ಇದನ್ನು ಹೊಂದಿಸುವ ವಿಧಾನ ಸರಳವಾಗಿದೆ. ಪ್ರತಿ ಬಿಂದುವಿಗೆ ನಾಲ್ಕು ಖಾನೆ ಎಂದು ನಿರ್ಧರಿಸಿಕೊಂಡರೆ, ಬಿಂದುವಿನ ಕ್ರಮಸಂಖ್ಯೆಯಿಂದ ಒಂದು ಕಳೆದು, ನಾಲ್ಕರಿಂದ ಗುಣಿಸಿ, ಕಲಮಿನ (ಕಾಲಂ) ಸಂಖ್ಯೆ ಕೂಡಿಸಿದರೆ ಖಾನೆಯ ವಿಳಾಸ ಸಿಗುತ್ತದೆ. ಹನ್ನೆರಡನೆಯ ಬಿಂದುವಿನ ಮೂರನೆಯ ಕಲಮು ಬೇಕೆಂದರೆ ಹನ್ನೊಂದು ನಾಲ್ಕಲೆ ನಲವತ್ತನಾಲ್ಕು, ಮೂರು ಕೂಡಿಸಿದರೆ ಝಡ್[47]. ನನ್ನ ಪ್ರೋಗ್ರಾಮಿನಲ್ಲಿ ಮೊದಲ ಕಲಮು ಚೈನೇಜ್ (ಆರಂಭದ ಬಿಂದುವಿನಿಂದ ಇರುವ ದೂರ), ಎರಡನೆಯದು ಸ್ಟಾಫಿನ ರೀಡಿಂಗ್, ಮೂರನೆಯದು ಅದು ಯಾವ ಜಾತಿಯ ರೀಡಿಂಗ್ ಎಂಬ ಗುರುತು, ನಾಲ್ಕನೆಯದು ಲೆಕ್ಕ ಮಾಡಿ ಬಂದ ಆರ್‌ಎಲ್ (ರೆಡ್ಯೂಸ್ಡ್ ಲೆವೆಲ್), ಅಂದರೆ ಆ ಬಿಂದುವಿನ ಎತ್ತರ. ಉಪಕರಣ ನಿಲ್ಲಿಸಿದ ಮೇಲಿನ ಮೊದಲ ರೀಡಿಂಗಾದ ಬ್ಯಾಕ್ ಸೈಟಿಗೆ 1, ನಡುವಿನ ಇಂಟರ್‌ಮೀಡಿಯೇಟಿಗೆ 2, ಉಪಕರಣ ಎತ್ತುವ ಮೊದಲಿನ ಕೊನೆಯ ರೀಡಿಂಗಾದ ಫೋರ್ ಸೈಟಿಗೆ 3 ಎಂಬ ಗುರುತುಗಳನ್ನು ಕೊಟ್ಟಿದ್ದೇನೆ. ಉಪಕರಣವನ್ನು ಬೇರೆಡೆಗೆ ಸಾಗಿಸುವಾಗ ಸ್ಟಾಫ್ ನಿಲ್ಲುವ ಚೇಂಜ್ ಪಾಯಿಂಟಿನಲ್ಲಿ ಎರಡು ರೀಡಿಂಗ್ ಬರುವುದರಿಂದ ಅದು ಎರಡು ಸಾಲು ಹಿಡಿಯುತ್ತದೆ. ಒಂದೇ ಸಾಲಿನಲ್ಲಿ ಎರಡನ್ನೂ ತುರುಕುವ ಜಾಣತನಕ್ಕಿಂತ ಇದು ಒಳ್ಳೆಯದು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಮೂಲ ರೀಡಿಂಗನ್ನೂ ಅದರಿಂದ ಬಂದ ಆರ್‌ಎಲ್ ಅನ್ನೂ ಬೇರೆ ಬೇರೆ ಖಾನೆಗಳಲ್ಲಿ ಇಡಲೇಬೇಕು. ಎಷ್ಟೋ ಪ್ರೋಗ್ರಾಂಗಳು ರೀಡಿಂಗನ್ನು ಒಂದು ಅಕ್ಷರದಲ್ಲಿ ಕೇಳಿ, ಆರ್‌ಎಲ್ ತೋರಿಸಿ, ಮುಂದಿನ ರೀಡಿಂಗನ್ನು ಅದೇ ಅಕ್ಷರದ ಮೇಲೆ ಬರೆದುಬಿಡುತ್ತವೆ. ಅಂಥದ್ದರಲ್ಲಿ 1.385 ಎನ್ನುವಲ್ಲಿ 1.835 ಎಂದು ಒತ್ತಿದ್ದು ನಾಲ್ಕು ಬಿಂದು ದಾಟಿದ ಮೇಲೆ ಗಮನಕ್ಕೆ ಬಂದರೆ ಮೊದಲಿನಿಂದ ಮತ್ತೆ ಎಲ್ಲವನ್ನೂ ಒತ್ತಬೇಕಾಗುತ್ತದೆ. ಮೂಲ ಅಂಕಿ ಖಾನೆಯಲ್ಲಿಯೇ ಇದ್ದರೆ ಆ ಒಂದನ್ನು ತಿದ್ದಿ, ಲೆಕ್ಕದ ಲೂಪನ್ನು ಮತ್ತೊಮ್ಮೆ ಓಡಿಸಿದರೆ ಉಳಿದ ಆರ್‌ಎಲ್‌ಗಳೆಲ್ಲ ತಾವೇ ಸರಿಯಾಗುತ್ತವೆ. ಅಳತೆ ಮಾಡಿದ್ದು ಬೇರೆ, ಲೆಕ್ಕ ಮಾಡಿದ್ದು ಬೇರೆ ಎಂಬ ಈ ಭೇದವನ್ನು 5800ಪಿ ತಾನಾಗಿ ಕಾಪಾಡುವುದಿಲ್ಲ, ಆದರೆ ಕಾಪಾಡಿಕೊಳ್ಳಲು ಬೇಕಾದಷ್ಟು ಜಾಗ ಕೊಡುತ್ತದೆ. ಏಳು ರಿಜಿಸ್ಟರುಗಳ ಯಂತ್ರದಲ್ಲಿ ಇದು ಸಾಧ್ಯವೇ ಇರಲಿಲ್ಲ.

ಗುರುತಿನ ಕಲಮಿಗೆ ಇನ್ನೊಂದು ಪ್ರಯೋಜನವಿದೆ. ಹೊಸದಾಗಿ ತೆರೆದ ಖಾನೆಗಳಲ್ಲೆಲ್ಲ ಸೊನ್ನೆ ಇರುತ್ತದೆ. ಹಾಗಿರುವಾಗ ಖಾನೆಯಲ್ಲಿ ಕಂಡ ಸೊನ್ನೆ ಇನ್ನೂ ಏನೂ ಬರೆಯದ ಸೊನ್ನೆಯೋ, ಅಳೆದು ಬಂದ ಸೊನ್ನೆಯೋ ಎಂದು ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ. ಚೈನೇಜ್ ಸೊನ್ನೆಯಿಂದಲೇ ಆರಂಭವಾಗುವುದರಿಂದ ಇದು ಕಲ್ಪನೆಯ ಸಮಸ್ಯೆಯೂ ಅಲ್ಲ. ಮೂರನೆಯ ಕಲಮಿನಲ್ಲಿ ಸೊನ್ನೆ ಇದ್ದರೆ ಆ ಸಾಲು ಖಾಲಿ ಎಂದು ನಿಯಮ ಮಾಡಿಕೊಂಡರೆ ಗೊಂದಲ ತೀರುತ್ತದೆ. ಸೇತುವೆಯ ಸ್ಲ್ಯಾಬಿನ ಅಡಿಗೆ ಸ್ಟಾಫನ್ನು ತಲೆಕೆಳಗು ಹಿಡಿದು ತೆಗೆದ ರೀಡಿಂಗನ್ನು ಋಣ ಸಂಖ್ಯೆಯಾಗಿ ಬರೆಯುವ ರೂಢಿ ಇರುವುದರಿಂದ, ‘ಸೊನ್ನೆಗಿಂತ ಕಡಿಮೆ ಇದ್ದರೆ ತಪ್ಪು’ ಎಂಬ ಪರೀಕ್ಷೆಯನ್ನೂ ರೀಡಿಂಗಿಗೆ ಹಾಕುವಂತಿಲ್ಲ. ನಾಲ್ಕು ಮೀಟರಿನ ಸ್ಟಾಫಿಗೆ ಧನ ನಾಲ್ಕರಿಂದ ಋಣ ನಾಲ್ಕರವರೆಗಿನ ಮಿತಿ ಹಾಕಿ, ಅದರ ಹೊರಗಿನದನ್ನು ಮತ್ತೆ ಕೇಳುವಂತೆ ಬರೆಯುವುದು ಸರಿಯಾದ ಕ್ರಮ. ಅಂಕಿಯನ್ನು ಮೊದಲು ಒಂದು ಅಕ್ಷರಕ್ಕೆ ತೆಗೆದುಕೊಂಡು, ಪರೀಕ್ಷಿಸಿ, ಪಾಸಾದ ಮೇಲೆಯೇ ಝಡ್ ಖಾನೆಗೆ ಇಳಿಸಬೇಕು.

ಕೇಳುವ ಆಜ್ಞೆಯಲ್ಲಿಯೂ ಎರಡು ಬಗೆಯಿದೆ, ಕೈಪಿಡಿಯಲ್ಲಿ ಇದರ ಮೇಲೆ ಕಣ್ಣು ಜಾರಿ ಹೋಗುವಷ್ಟು ಚಿಕ್ಕದಾಗಿ ಬರೆದಿದ್ದಾರೆ. ಪ್ರಶ್ನಾರ್ಥಕ ಚಿಹ್ನೆ, ಬಾಣ, ಅಕ್ಷರ ಎಂದು ಬರೆದರೆ ಯಂತ್ರ ಹೊಸ ಅಂಕಿಯನ್ನೇ ಬಯಸುತ್ತದೆ. ಬಾಣ ಬಿಟ್ಟು ಪ್ರಶ್ನಾರ್ಥಕದ ಮುಂದೆ ನೇರವಾಗಿ ಅಕ್ಷರ ಬರೆದರೆ ಅದರಲ್ಲಿ ಈಗಿರುವ ಬೆಲೆಯನ್ನು ತೋರಿಸುತ್ತದೆ, ಏನೂ ಒತ್ತದೆ ಎಕ್ಸಿಕ್ಯೂಟ್ ಗುಂಡಿ ಒತ್ತಿದರೆ ಹಳೆಯದನ್ನೇ ಉಳಿಸಿಕೊಳ್ಳುತ್ತದೆ. ಮೊದಲ ಸಲ ಅಂಕಿ ತುಂಬುವಾಗ ಮೊದಲನೆಯದು, ತುಂಬಿದ್ದನ್ನು ತಿದ್ದುವಾಗ ಎರಡನೆಯದು ಎಂದು ಇಟ್ಟುಕೊಂಡರೆ ತಿದ್ದುಪಡಿಯ ಪ್ರೋಗ್ರಾಂ ಬಳಸಲು ಸಲೀಸಾಗುತ್ತದೆ. ಸರಿ ಇರುವ ಸಾಲುಗಳನ್ನು ಒಂದೇ ಗುಂಡಿಯಿಂದ ದಾಟಿ, ತಪ್ಪಿದ ಸಾಲಿನಲ್ಲಿ ಮಾತ್ರ ಹೊಸ ಅಂಕಿ ಕೊಡಬಹುದು.

ಎಲ್ಲ ಬಿಂದುಗಳೂ ಮುಗಿದ ಮೇಲೆ ಬ್ಯಾಕ್ ಸೈಟುಗಳ ಮೊತ್ತದಿಂದ ಫೋರ್ ಸೈಟುಗಳ ಮೊತ್ತ ಕಳೆದರೆ, ಕೊನೆಯ ಆರ್‌ಎಲ್‌ನಿಂದ ಮೊದಲ ಆರ್‌ಎಲ್ ಕಳೆದಷ್ಟೇ ಬರಬೇಕು ಎಂಬ ತಾಳೆ ಎಲ್ಲರಿಗೂ ಗೊತ್ತಿದೆ. ಈ ತಾಳೆಯಲ್ಲಿ 5800ಪಿಯ ಒಂದು ಗುಣ ಉಪಯೋಗಕ್ಕೆ ಬರುತ್ತದೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟುಗಳು ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಡುವುದರಿಂದ 0.1, 0.2ರಂಥ ದಶಮಾಂಶಗಳು ಅಲ್ಲಿ ನಿಖರವಾಗಿ ಕೂರುವುದಿಲ್ಲ, ಕೂಡುತ್ತ ಕಳೆಯುತ್ತ ಹೋದಾಗ ತುದಿಯಲ್ಲಿ ಸೂಕ್ಷ್ಮವಾದ ಶೇಷ ಉಳಿಯುತ್ತದೆ. ಈ ಕ್ಯಾಲ್ಕುಲೇಟರ್ ದಶಮಾನ ಪದ್ಧತಿಯಲ್ಲಿಯೇ, ಒಳಗೆ 15 ಅಂಕೆಗಳವರೆಗೆ ಲೆಕ್ಕ ಮಾಡುತ್ತದೆ. ಮೂರು ದಶಮಾಂಶ ಸ್ಥಾನಗಳ ರೀಡಿಂಗುಗಳನ್ನು ಎಷ್ಟೇ ಕೂಡಿ ಕಳೆದರೂ ಶೇಷ ಹುಟ್ಟುವುದಿಲ್ಲ. ಆದ್ದರಿಂದ ವ್ಯತ್ಯಾಸ ಸೊನ್ನೆಗೆ ಸಮವೇ ಎಂದು ಪ್ರೋಗ್ರಾಮಿನಲ್ಲಿ ನೇರವಾಗಿ ಕೇಳಬಹುದು. ಸೈನ್, ಕೊಸೈನ್ ಬರುವ ಟ್ರಾವರ್ಸಿನಲ್ಲಿ ಹೀಗೆ ಕೇಳುವಂತಿಲ್ಲ. ಅಲ್ಲಿ ಒಪ್ಪಬಹುದಾದ ಮಿತಿಯೊಡನೆ ಹೋಲಿಸಬೇಕು. ಪರದೆಯ ಮೇಲೆ ಮೂರೇ ಸ್ಥಾನ ಕಾಣುವಂತೆ ‘ಫಿಕ್ಸ್’ ಮಾಡಿದರೆ ಕಾಣುವುದು ಮಾತ್ರ ಮೊಟಕಾಗುತ್ತದೆ, ಖಾನೆಯಲ್ಲಿರುವ ಸಂಖ್ಯೆ ಹಾಗೆಯೇ ಇರುತ್ತದೆ ಎಂಬುದನ್ನೂ ನೆನಪಿಡಬೇಕು. ಒಳಗಿನದೂ ಮೊಟಕಾಗಬೇಕಾದರೆ ‘ಆರ್‌ಎನ್‌ಡಿ’ ಫಂಕ್ಷನ್ ಬಳಸಬೇಕು.

ಅಂಕೆಗಳ ಉದ್ದದ ವಿಷಯ ಕ್ಷೇತ್ರಫಲದ ಲೆಕ್ಕದಲ್ಲಿ ಇನ್ನೂ ಗಂಭೀರವಾಗುತ್ತದೆ. ಶಿರಸಿಯ ಆಸುಪಾಸಿನಲ್ಲಿ ಯುಟಿಎಂ ಎಂಬ ನಕ್ಷೆ ಪದ್ಧತಿಯ 43ನೆಯ ವಲಯದ ನಾರ್ದಿಂಗ್ (ಉತ್ತರದ ಕಡೆಯ ಅಳತೆ) ಸುಮಾರು 16 ಲಕ್ಷ ಮೀಟರ್, ಈಸ್ಟಿಂಗ್ (ಪೂರ್ವದ ಕಡೆಯ ಅಳತೆ) 5 ಲಕ್ಷಕ್ಕಿಂತ ತುಸು ಕಡಿಮೆ. ಗಡಿಯ ಮೂಲೆಗಳನ್ನು ಅಡ್ಡಡ್ಡ ಗುಣಿಸಿ ಕ್ಷೇತ್ರ ತೆಗೆಯುವಾಗ ಒಂದೊಂದು ಗುಣಲಬ್ಧವೂ ಹನ್ನೆರಡು ಅಂಕೆಗಳ ಪೂರ್ಣಾಂಕವಾಗುತ್ತದೆ. ಹತ್ತೇ ಅಂಕೆ ಹಿಡಿಯುವ ರಿಜಿಸ್ಟರಿನಲ್ಲಿ ಅದರ ಕೊನೆಯ ಎರಡು ಅಂಕೆಗಳು ಹೊರಟುಹೋಗುತ್ತವೆ, ಅಂದರೆ ಒಂದೊಂದು ಗುಣಾಕಾರದಲ್ಲಿಯೂ ಐವತ್ತು ಚದರ ಮೀಟರಿನವರೆಗೆ ಏರುಪೇರು. ಒಂದು ಗುಂಟೆಗೆ 101.17 ಚದರ ಮೀಟರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಅಡಿಕೆ ತೋಟದ ಹಿಸ್ಸೆ ಮಾಡುವಾಗ ಇದು ಎಂಥ ತಪ್ಪು ಎಂದು ಬೇರೆ ಹೇಳಬೇಕಾಗಿಲ್ಲ. 5800ಪಿಯ ಹದಿನೈದು ಅಂಕೆಗಳಲ್ಲಿ ಇದು ಪಾರಾಗುತ್ತದೆ. ಆದರೂ ಯಂತ್ರದ ಮೇಲೆ ಭಾರ ಹಾಕುವುದಕ್ಕಿಂತ, ಸ್ಥಳದ ಹತ್ತಿರದ ಒಂದು ದುಂಡು ಸಂಖ್ಯೆಯನ್ನು ಎರಡು ಅಕ್ಷರಗಳಲ್ಲಿ ಇಟ್ಟುಕೊಂಡು, ಅದನ್ನು ಕಳೆದು ಉಳಿದದ್ದನ್ನು ಮಾತ್ರ ಖಾನೆಗಳಲ್ಲಿ ಸಂಗ್ರಹಿಸುವುದು ಉತ್ತಮ ಪದ್ಧತಿ. ಒತ್ತುವ ಅಂಕೆಗಳೂ ಕಡಿಮೆಯಾಗುತ್ತವೆ, ಒತ್ತುವಲ್ಲಿ ಆಗುವ ತಪ್ಪೂ ಕಡಿಮೆಯಾಗುತ್ತದೆ. ಕೊನೆಯ ಮೂಲೆಯಿಂದ ಮೊದಲ ಮೂಲೆಗೆ ಗಡಿ ಮುಚ್ಚಿಕೊಳ್ಳಬೇಕಾದ್ದರಿಂದ, ಮೊದಲ ಮೂಲೆಯ ಅಂಕಿಗಳನ್ನೇ ಕೊನೆಗೆ ಇನ್ನೊಂದು ಸಾಲಾಗಿ ನಕಲು ಮಾಡಿಟ್ಟರೆ ಲೂಪಿನಲ್ಲಿ ವಿಶೇಷ ಪ್ರಕರಣ ಬರೆಯುವ ಅಗತ್ಯವೇ ಇರುವುದಿಲ್ಲ.

ಎಕರೆ-ಗುಂಟೆಯ ವಿಷಯದಲ್ಲಿ ಈ ಯಂತ್ರವೂ ಸಹಾಯಕ್ಕೆ ಬರುವುದಿಲ್ಲ, ಯಾವ ಕ್ಯಾಲ್ಕುಲೇಟರೂ ಬರುವುದಿಲ್ಲ. ಒಂದು ಎಕರೆ ಮೂವತ್ತು ಗುಂಟೆಯನ್ನು 1.30 ಎಂದೂ ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1.20 ಎಂದೂ ಬರೆದು ಕೂಡಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಯಂತ್ರ 2.50 ಎನ್ನುತ್ತದೆ, ಸರಿಯಾದ ಉತ್ತರ ಮೂರು ಎಕರೆ ಹತ್ತು ಗುಂಟೆ. ಡಿಗ್ರಿ, ಮಿನಿಟು, ಸೆಕೆಂಡುಗಳಿಗೆ ಈ ಕ್ಯಾಲ್ಕುಲೇಟರಿನಲ್ಲಿ ಪ್ರತ್ಯೇಕ ಗುಂಡಿಯಿದೆ, ಉತ್ತರವನ್ನು ಆ ರೂಪದಲ್ಲಿಯೇ ತೋರಿಸುವ ಆಜ್ಞೆಯೂ ಇದೆ. ಆದರೆ ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ ಎಂಬ ನಮ್ಮ ಲೆಕ್ಕ ಜಪಾನಿನ ಕಂಪನಿಯವರಿಗೆ ಗೊತ್ತಿರಬೇಕೆಂದು ಬಯಸುವುದು ತಪ್ಪು. ಸಂಗ್ರಹಿಸುವಾಗ ಎಲ್ಲವನ್ನೂ ಆಣೆಗೆ ಇಳಿಸಿ ಒಂದೇ ಪೂರ್ಣಾಂಕವಾಗಿ ಇಡಬೇಕು, ಕೂಡುವುದು ಕಳೆಯುವುದು ಎಲ್ಲ ಆ ರೂಪದಲ್ಲಿಯೇ ನಡೆಯಬೇಕು, ತೋರಿಸುವ ಕೊನೆಯ ಹೆಜ್ಜೆಯಲ್ಲಿ ಮಾತ್ರ ‘ಇಂಟ್’ ಮತ್ತು ಭಾಗಾಕಾರದ ಸಹಾಯದಿಂದ ಎಕರೆ, ಗುಂಟೆ, ಆಣೆಗಳನ್ನು ಬೇರ್ಪಡಿಸಬೇಕು. ಪಹಣಿಯ ಅಂಕಿಯನ್ನು ಕೇಳುವಾಗಲೂ ಮೂರು ಬೇರೆ ಬೇರೆ ಪ್ರಶ್ನೆಗಳಾಗಿ ಕೇಳುವುದು ಕ್ಷೇಮ.

ಈಗ ಈ ಯಂತ್ರದ ದೊಡ್ಡ ಕೊರತೆಗೆ ಬರುತ್ತೇನೆ. 26 ಅಕ್ಷರಗಳು ಎಲ್ಲ ಪ್ರೋಗ್ರಾಂಗಳಿಗೂ ಸಾಮಾನ್ಯ. ಒಂದು ಪ್ರೋಗ್ರಾಂ ಇನ್ನೊಂದನ್ನು ‘ಪ್ರಾಗ್’ ಆಜ್ಞೆಯಿಂದ ಕರೆದಾಗ, ಕರೆಯಲ್ಪಟ್ಟ ಪ್ರೋಗ್ರಾಂ ಎನ್ ಅಕ್ಷರದಲ್ಲಿ ಏನನ್ನಾದರೂ ಬರೆದರೆ ಕರೆದವರ ಎನ್ ಕೂಡ ಅಳಿಸಿಹೋಗುತ್ತದೆ. ಉಪಪ್ರೋಗ್ರಾಮಿಗೆ ಅದರದೇ ಆದ ಖಾಸಗಿ ಅಕ್ಷರಗಳಿಲ್ಲ. ಝಡ್ ಅರೇಯೂ ಒಂದೇ, ಎರಡು ಕೆಲಸಗಳಿಗೆ ಎರಡು ಅರೇ ಇಟ್ಟುಕೊಳ್ಳುವಂತಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ‘ಪೋಲ್’ ಮತ್ತು ‘ರೆಕ್’ ಫಂಕ್ಷನ್‌ಗಳದು. ಎರಡು ಬಿಂದುಗಳ ನಡುವಿನ ದೂರ ಮತ್ತು ಬೇರಿಂಗ್ (ಉತ್ತರದಿಂದ ಅಳೆದ ದಿಕ್ಕಿನ ಕೋನ) ತೆಗೆಯಲು ಭೂಮಾಪಕರು ಪೋಲ್ ಬಳಸದೆ ಇರುವುದಿಲ್ಲ. ಅದು ದೂರವನ್ನು ಐ ಅಕ್ಷರದಲ್ಲಿಯೂ ಕೋನವನ್ನು ಜೆ ಅಕ್ಷರದಲ್ಲಿಯೂ ಕೇಳದೆಯೇ ಬರೆದುಬಿಡುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಕಲಿತು ಬಂದವರಿಗೆ ಲೂಪಿನ ಎಣಿಕೆಗೆ ಐ ಬಳಸುವ ಅಭ್ಯಾಸ ಕೈಗೆ ಹತ್ತಿರುತ್ತದೆ. ಐದನೆಯ ಬಿಂದುವಿನಲ್ಲಿ ಐ ಐದಾಗಿದ್ದು, ಪೋಲ್ ಓಡಿದ ಕೂಡಲೇ ಅದು 83.412 ಆಗಿಬಿಟ್ಟರೆ ಲೂಪು ಅಲ್ಲಿಗೇ ಮುಗಿಯುತ್ತದೆ, ಉತ್ತರ ಮಾತ್ರ ಪರದೆಯ ಮೇಲೆ ಸರಿಯಾದದ್ದರಂತೆಯೇ ಕಾಣುತ್ತದೆ. ಯಂತ್ರ ಯಾವ ದೋಷದ ಸೂಚನೆಯನ್ನೂ ಕೊಡುವುದಿಲ್ಲ. ಕೋನ ಋಣವಾಗಿ ಬಂದರೆ 360 ಕೂಡಿಸಬೇಕೆಂಬುದನ್ನು ಎಲ್ಲರೂ ಹೇಳಿಕೊಡುತ್ತಾರೆ, ಐ ಮತ್ತು ಜೆ ಅಕ್ಷರಗಳನ್ನು ಖಾಲಿ ಬಿಡಬೇಕೆಂಬುದನ್ನು ಯಾರೂ ಅಷ್ಟೇ ಒತ್ತಿ ಹೇಳಿಕೊಡುವುದಿಲ್ಲ.

ಇದಕ್ಕೆ ಪರಿಹಾರ ಶಿಸ್ತೊಂದೇ. ಪ್ರತಿ ಪ್ರೋಗ್ರಾಂ ಯಾವ ಅಕ್ಷರಗಳನ್ನು ಬಳಸುತ್ತದೆ, ಯಾವುದನ್ನು ಬದಲಾಯಿಸುತ್ತದೆ, ಝಡ್ ಖಾನೆಗಳಲ್ಲಿ ಎಷ್ಟರಿಂದ ಎಷ್ಟರವರೆಗೆ ಯಾವುದಕ್ಕೆ ಮೀಸಲು ಎಂಬ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು, ಯಂತ್ರದ ಮುಚ್ಚಳದ ಒಳಗಡೆ ಇಟ್ಟುಕೊಳ್ಳಬೇಕು. ನಾನು ಮೊದಲ ಹತ್ತು ಖಾನೆಗಳನ್ನು ಯಾವ ಕೆಲಸಕ್ಕೂ ಕೊಡದೆ, ಬಿಂದುಗಳ ಒಟ್ಟು ಸಂಖ್ಯೆ, ಬೆಂಚ್ ಮಾರ್ಕಿನ (ಎತ್ತರ ಮೊದಲೇ ಗೊತ್ತಿರುವ ಬಿಂದುವಿನ) ಎತ್ತರ, ಕಲಮುಗಳ ಸಂಖ್ಯೆ, ದತ್ತಾಂಶ ಎಲ್ಲಿಂದ ಶುರುವಾಗುತ್ತದೆ ಎಂಬ ವಿವರಗಳಿಗೇ ಮೀಸಲಿಡುತ್ತೇನೆ. ಆಗ ಮೇಲೆ ಹೇಳಿದ ವಿಳಾಸದ ಸೂತ್ರಕ್ಕೆ ಹತ್ತು ಕೂಡಿಸಿದರಾಯಿತು. ಇದರ ಲಾಭವೆಂದರೆ, ನಾಳೆ ಯಂತ್ರ ತೆರೆದಾಗ ಅಕ್ಷರಗಳಲ್ಲಿ ಏನೇ ಇದ್ದರೂ ಆ ಹತ್ತು ಖಾನೆಗಳನ್ನು ಓದಿದರೆ ಪ್ರೋಗ್ರಾಂ ತಾನು ನಿಲ್ಲಿಸಿದಲ್ಲಿಂದ ಮುಂದುವರಿಯಬಲ್ಲದು. ಕೋನದ ಘಟಕವನ್ನೂ ನಂಬಿ ಬಿಡಬಾರದು. ಯಾರಾದರೂ ರೇಡಿಯನ್‌ಗೆ ಬದಲಿಸಿ ಇಟ್ಟಿದ್ದರೆ ಟ್ರಾವರ್ಸ್ ಕೆಡುವುದರಿಂದ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿಯೇ ‘ಡೆಗ್’ ಎಂದು ಬರೆಯಬೇಕು. ಟ್ರಾವರ್ಸಿನ ತಪ್ಪನ್ನು ಹಂಚುವಾಗ ತಿದ್ದುಪಡಿಗಳನ್ನು ಬೇರೆಯೇ ಕಲಮಿನಲ್ಲಿ ಇಡುವುದು, ಮೂಲ ನಿರ್ದೇಶಾಂಕಗಳ ಮೇಲೆ ಬರೆಯದಿರುವುದು ಕೂಡ ಇದೇ ಶಿಸ್ತಿನ ಭಾಗ. ಇಷ್ಟಕ್ಕೆಲ್ಲ ಜಾಗ ಇರುವ ಯಂತ್ರದಲ್ಲಿ ಜಾಗ ಉಳಿಸಲು ಎರಡು ಅಂಕಿಗಳನ್ನು ಒಂದೇ ಖಾನೆಯ ಪೂರ್ಣಾಂಕ ಮತ್ತು ದಶಮಾಂಶಗಳಲ್ಲಿ ಸೇರಿಸಿಡುವ ಹಳೆಯ ಉಪಾಯವನ್ನು ನಾನು ಶಿಫಾರಸು ಮಾಡುವುದಿಲ್ಲ.

ಅರೇಯ ಹೊರತಾಗಿ ಅಂಕಿಅಂಶ ಶಾಸ್ತ್ರದ ಲಿಸ್ಟುಗಳೂ ಮ್ಯಾಟ್ರಿಕ್ಸ್‌ಗಳೂ ಇವೆ, ಲಿಸ್ಟಿನ ಸದಸ್ಯರನ್ನು ಪ್ರೋಗ್ರಾಮಿನೊಳಗಿಂದ ಓದಬಹುದು. ಲಿಸ್ಟಿನ ಅನುಕೂಲವೆಂದರೆ ಅಂಕಿಗಳನ್ನು ಕೋಷ್ಟಕದಂತೆ ಪರದೆಯ ಮೇಲೆ ನೋಡುತ್ತ ತಿದ್ದಬಹುದು. ಝಡ್ ಖಾನೆಗಳಿಗೆ ಅಂಥ ಕೋಷ್ಟಕದ ನೋಟ ಇಲ್ಲದಿರುವುದರಿಂದ ನೋಡುವ, ತಿದ್ದುವ ಪ್ರೋಗ್ರಾಂಗಳನ್ನು ನಾವೇ ಬರೆದುಕೊಳ್ಳಬೇಕು. ಬರೆದುಕೊಂಡ ಮೇಲೆ ಲಿಸ್ಟಿನ ಕಡೆಗೆ ಹೋಗುವ ಅಗತ್ಯ ನನಗೆ ಕಂಡಿಲ್ಲ.

ದತ್ತಾಂಶ ಉಳಿಯುತ್ತದೆಯೇ ಎಂಬುದು ಕೊನೆಯ ದೊಡ್ಡ ಪ್ರಶ್ನೆ. ಹಳೆಯ ಯಂತ್ರಗಳಲ್ಲಿ ವಿದ್ಯುತ್ ಹೋದರೆ ಎಲ್ಲವೂ ಹೋಗುತ್ತಿತ್ತು. ಟಿಐ-59ರವರು ಅಯಸ್ಕಾಂತದ ಪಟ್ಟಿಯ ಸಣ್ಣ ಕಾರ್ಡುಗಳ ಮೇಲೆ ಪ್ರೋಗ್ರಾಮನ್ನೂ ಅಂಕಿಗಳನ್ನೂ ಬರೆದಿಟ್ಟುಕೊಳ್ಳಬೇಕಿತ್ತು, 1976ರ ಎಚ್‌ಪಿ-25ಸಿ ಆರಿಸಿದರೂ ಮೆಮೊರಿ ಉಳಿಸಿಕೊಂಡದ್ದೇ ಆ ಕಾಲಕ್ಕೆ ದೊಡ್ಡ ಸುದ್ದಿಯಾಗಿತ್ತು. 5800ಪಿಯಲ್ಲಿರುವುದು ಫ್ಲ್ಯಾಶ್ ಮೆಮೊರಿ, ಸೆಲ್ ತೆಗೆದು ಬದಲಾಯಿಸುವಾಗ ಬರೆದ ಪ್ರೋಗ್ರಾಂಗಳು ಕಳೆದುಹೋಗುವ ಭಯವಿಲ್ಲ. ಆದರೆ ಯಂತ್ರವೇ ಹಳ್ಳಕ್ಕೆ ಬಿದ್ದರೆ? ಕಂಪ್ಯೂಟರಿಗೆ ಜೋಡಿಸುವ ವ್ಯವಸ್ಥೆ ಇದರಲ್ಲಿ ಇಲ್ಲ. ಇರುವುದು ಒಂದು 5800ಪಿಯಿಂದ ಇನ್ನೊಂದು 5800ಪಿಗೆ ಪ್ರೋಗ್ರಾಂ ದಾಟಿಸುವ ಕೇಬಲ್ ಮಾತ್ರ. ಹಗಲಿಡೀ ಸಂಗ್ರಹಿಸಿದ ಅಂಕಿಗಳನ್ನು ಸಂಜೆ ಕಚೇರಿಯ ಕಂಪ್ಯೂಟರಿಗೆ ಇಳಿಸಿಕೊಳ್ಳುವ ದಾರಿ ಇಲ್ಲದಿರುವುದು, ಅಂಕಿಗಳನ್ನು ಇಷ್ಟು ಚೆನ್ನಾಗಿ ಹಿಡಿದಿಡುವ ಸಾಧನದಲ್ಲಿ ನಿಜವಾಗಿಯೂ ವ್ಯಥೆಯ ಸಂಗತಿ. ಹಾಗಾಗಿ ಕಾಗದದ ಲೆವೆಲ್ ಪುಸ್ತಕವನ್ನು ಯಾರೂ ಕೈಬಿಡಬಾರದು. ಪುಸ್ತಕದಲ್ಲಿ ರೀಡಿಂಗ್ ಬರೆಯುವುದು ಮೊದಲು, ಯಂತ್ರಕ್ಕೆ ಒತ್ತುವುದು ಆಮೇಲೆ. ಸಂಜೆ ಆರ್‌ಎಲ್‌ಗಳನ್ನು ಪರದೆಯಿಂದ ಓದಿ ಪುಸ್ತಕದ ಕೊನೆಯ ಕಲಮಿಗೆ ಬರೆದುಕೊಂಡರೆ ಎರಡು ಕಡೆಯ ದಾಖಲೆ ಪರಸ್ಪರ ತಾಳೆಯಾಗುತ್ತದೆ. ಪ್ರೋಗ್ರಾಂಗಳ ಸಾಲುಗಳನ್ನೂ ಹೀಗೆಯೇ ಕಾಗದದ ಮೇಲೆ ಇಟ್ಟುಕೊಳ್ಳಬೇಕು.

ಉಳಿದ ವಿಷಯಗಳನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಗುಂಡಿಗಳು ಗಟ್ಟಿಯಾಗಿವೆ, ಆದರೆ ಅಕ್ಷರಗಳನ್ನು ಒಂದೊಂದಾಗಿ ಆಲ್ಫಾ ಗುಂಡಿಯೊಡನೆ ಒತ್ತಿ, ಆಜ್ಞೆಗಳನ್ನು ಮೆನುವಿನಲ್ಲಿ ಹುಡುಕಿ ಪ್ರೋಗ್ರಾಂ ಬರೆಯುವುದು ನಿಧಾನದ ಕೆಲಸ. ಮಳೆಗಾಲದಲ್ಲಿ ಹೊರಗೆ ಕೆಲಸವಿಲ್ಲದ ದಿನಗಳನ್ನು ಅದಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಪರದೆಗೆ ಹಿಂಬೆಳಕಿಲ್ಲ, ಸಂಜೆ ದಟ್ಟ ಕಾಡಿನ ನೆರಳಿನಲ್ಲಿ ಓದುವುದು ಕಷ್ಟ. ನೀರು ತಡೆಯುವ ಕವಚವಲ್ಲ, ಕರಾವಳಿಯ ಉಪ್ಪುಗಾಳಿಗೆ ಸೆಲ್ಲಿನ ಮನೆಯ ಲೋಹದ ಪಟ್ಟಿ ಹಸಿರುಗಟ್ಟದಂತೆ ಆಗಾಗ ತೆರೆದು ಒರೆಸಬೇಕು; ಕಾರವಾರದ ಕಡೆ ಕೆಲಸ ಮಾಡುವವರು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟೇ ಗುಂಡಿ ಒತ್ತುವುದು ಉತ್ತಮ. ಪ್ರೋಗ್ರಾಂ ಹಾಕಬಹುದಾದ ಕ್ಯಾಲ್ಕುಲೇಟರನ್ನು ಪರೀಕ್ಷಾ ಕೊಠಡಿಗೆ ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ, ಡಿಪ್ಲೊಮಾ ಓದುತ್ತಿರುವ ಮಕ್ಕಳಿಗೆ ಪರೀಕ್ಷೆಗೆಂದು ಕೊಡಿಸುವವರು ಸಾದಾ ಸೈಂಟಿಫಿಕ್ ಮಾದರಿಯನ್ನೇ ಕೊಡಿಸಬೇಕು. ನಮ್ಮ ಕಡೆಯ ಪುಸ್ತಕದಂಗಡಿಗಳಲ್ಲಿ ಸಿಗುವುದೂ ಅವೇ. 5800ಪಿಯನ್ನು ನಾನು ತರಿಸಿಕೊಂಡದ್ದು ಆನ್‌ಲೈನಿನಲ್ಲಿ.

ತಾನೇ ಲೆವೆಲ್ ಹಿಡಿದು ಕೆಲಸ ಮಾಡುವ, ತನ್ನ ಪ್ರೋಗ್ರಾಮನ್ನು ತಾನೇ ಬರೆದುಕೊಳ್ಳುವ ತಾಳ್ಮೆ ಇರುವ ಭೂಮಾಪಕರಿಗೆ ಮತ್ತು ಸಣ್ಣ ಗುತ್ತಿಗೆದಾರರಿಗೆ ಇದನ್ನು ನಾನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಯಾರೋ ಬರೆದ ಪ್ರೋಗ್ರಾಮನ್ನು ಒಳಗೆ ನೋಡದೆ ಬಳಸುವವರಿಗೆ ಮಾಡಲಾರೆ, ಏಕೆಂದರೆ ಯಾವ ಅಕ್ಷರ ಎಲ್ಲಿ ಅಳಿಸಿಹೋಗುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ. ಹಳೆಯದನ್ನು ಕೊಳ್ಳುವುದಾದರೆ ಹಣ ಕೊಡುವ ಮೊದಲು ಅಲ್ಲಿಯೇ 2,000ವನ್ನು ಡಿಮ್‌ಝಡ್‌ಗೆ ಕೊಟ್ಟು ನೋಡಬೇಕು. ಒಳಗೆ ಹಳಬರ ಪ್ರೋಗ್ರಾಂಗಳು ಹೆಚ್ಚು ಜಾಗ ಹಿಡಿದಿರದಿದ್ದರೆ ಯಂತ್ರ ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಮೊದಲ ಮತ್ತು ಕೊನೆಯ ಖಾನೆಗಳಲ್ಲಿ ಒಂದೊಂದು ಅಂಕಿ ಬರೆದು, ಆರಿಸಿ, ಸೆಲ್ ತೆಗೆದು, ಮತ್ತೆ ಹಾಕಿ, ಎರಡೂ ಅಂಕಿಗಳು ಇವೆಯೇ ಎಂದು ಓದಿ ನೋಡಬೇಕು. ಕಚೇರಿಯಲ್ಲಿ ಇಬ್ಬರು ಕೆಲಸ ಮಾಡುವವರಿದ್ದರೆ ಎರಡು ಯಂತ್ರಗಳನ್ನೂ ಕೇಬಲನ್ನೂ ಒಟ್ಟಿಗೆ ಕೊಳ್ಳುವುದು ಸರಿ. ಒಂದರಲ್ಲಿ ತಿದ್ದಿದ ಪ್ರೋಗ್ರಾಮನ್ನು ಅದೇ ದಿನ ಇನ್ನೊಂದಕ್ಕೆ ದಾಟಿಸಿ, ತಿದ್ದಿದ ದಿನಾಂಕವನ್ನು ಪ್ರೋಗ್ರಾಮಿನ ಹೆಸರಿನಲ್ಲಿಯೇ ಸೇರಿಸಿಟ್ಟರೆ ಯಾವುದು ಹೊಸದು, ಯಾವುದು ಹಳತು ಎಂಬ ಸಂದೇಹಕ್ಕೆ ಎಡೆ ಇರುವುದಿಲ್ಲ.